ನಮ್ಮ ವಾರ್ಡಿನ ಹುಡುಗ ಮೆಂಬರ್ ಮುಂದ ಏನ್ ಮಾಡಬೇಕು? ತಿಳಿದವ್ರು ಹೇಳ್ರಿ

ತೊಗರಿಕಣಜ
ಶರಣ್ರೀ ಎಲ್ಲರಿಗೂ. ಕಲಬುರಗಿ ಪಾಲಿಕಿ ರಾಜಕಾರಣ ಬಲ್ಲವ್ರು ಇಲ್ಲಿ ಭಾಳ ಮಂದಿ ಇದ್ದೀರಿ, ಅದಕ್ಕ ಕೇಳಲಕತ್ತೀನಿ.

ನಮ್ಮ ವಾರ್ಡಿನ ಮೆಂಬರ್ ಇನ್ನಾ ಹುಡುಗ. ಅವರಪ್ಪಂದು ಸಣ್ಣ ಗ್ಯಾರೇಜ್, ಮನಿತನದಾಗ ಯಾರೂ ರಾಜಕಾರಣ ಮಾಡಿದವರಲ್ಲ. 2021ರ ಸೆಪ್ಟೆಂಬರಿನಾಗ ಓಣಿ ಹುಡುಗರೇ ಕೂಡಿ ಮನಿ ಮನಿ ತಿರುಗಿ ಆರಿಸಿ ತಂದ್ವಿ. ಪಕ್ಷ ಯಾವ್ದು, ವಾರ್ಡ್ ನಂಬರ್ ಎಷ್ಟು ಅಂತ ಕೇಳಬ್ಯಾಡ್ರಿ, ಹೇಳಂಗಿಲ್ಲ.

ಕೆಲಸ ಮಾಡ್ತಾನ, ಅದ್ರಾಗ ಎರಡು ಮಾತಿಲ್ಲ. ಗ್ಯಾರೇಜಿನ ಮೂಲ್ಯಾಗ ಒಂದು ಉದ್ದನ್ನ ರಿಜಿಸ್ಟರ್ ಇಟ್ಟಾನ. ಲೈಟ್ ಹೋಗಿದ್ರ ಕಂಬದ ನಂಬರ್, ಚರಂಡಿ ತುಂಬಿದ್ರ ಯಾರ ಮನಿ ಮುಂದ, ಎಲ್ಲಾ ಬರಸ್ತಾನ. ಕೆಲಸ ಆದ್ರ ಹಸಿರು ಪೆನ್ನಿನಿಂದ ಗೀಟು. ಆಗಲಿಲ್ಲಂದ್ರ ಯಾಕ ಆಗಲಿಲ್ಲ ಅಂತ ಬಾಜೂಕ ಬರೀತಾನ. ಮಸಿ ಮೆತ್ತಿದ ಬೆರಳಿನ ಗುರ್ತ ಎಲ್ಲಾ ಪುಟದಾಗೂ ಅವ.

ಈಗ ಅವನ ಕಿವ್ಯಾಗ ಒಬ್ಬೊಬ್ಬರು ಒಂದೊಂದು ಊದಲಕತ್ತಾರ. ಗೆಳೆಯರು "2028ಕ್ಕ ಎಂಎಲ್‌ಎ ಟಿಕೆಟ್ ಕೇಳು" ಅಂತಾರ. ಎದುರು ಪಕ್ಷದವ್ರು "ನಮ್ಮ ಕಡಿ ಬಾ, ನೋಡ್ಕೋತೀವಿ" ಅಂತಾರ. ಅವರವ್ವ ಅಂತೂ "ಸಾಕು ಬಿಡು, ಗ್ಯಾರೇಜ್ ನೋಡ್ಕೋ, ಹೆಣ್ಣು ಕೊಡೋರೂ ಇಲ್ಲದಂಗಾಗ್ಯಾದ" ಅಂತ ದಿನಾ ಅಳ್ತಾಳ. ಮತ್ತ ಮುಂದಿನ ಸಲ ವಾರ್ಡೇ ಅವಂಗ ಸಿಗ್ತದೋ ಇಲ್ಲೋ ಅನ್ನೋ ಹೆದರಿಕಿ ಬ್ಯಾರೆ. ನಮ್ಮ ಊರಾಗ ಹಿಂಥಾ ಹುಡುಗಗ ಭವಿಷ್ಯ ಅದ ಏನ್ರಿ?

ಸೂಪರ್‌ಮಾರ್ಕೆಟ್ ಚಹಾ
ಅವ್ವನ ಮಾತ್ ಕೇಳ್ ಅಂತ ಹೇಳ್ರಿ. ಚರ್ಚಾ ಮುಗೀತು.

ಬೆಂಗಳೂರಾಗಿನ ಕಲಬುರಗಿ
ರಿಜಿಸ್ಟರ್ ಇಡುವ ಕಾರ್ಪೊರೇಟರ್! ಇಲ್ಲಿ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದದ್ದೇ ಮುಗಿದದ್ದು, ಆಮೇಲೆ ವರ್ಷಗಟ್ಟಲೆ ನಮಗೆ ಕಾರ್ಪೊರೇಟರ್ ಅನ್ನುವವರೇ ಇಲ್ಲದೆ ಹೋದರು. ನಿಮಗೆ ಬೈಯಲಿಕ್ಕಾದರೂ ಒಬ್ಬ ಇದ್ದಾನೆ, ಸಂತೋಷಪಡಿ.

ಜೋಳದರೊಟ್ಟಿ
ನಮ್ಮ ವಾರ್ಡಿನ ಮೆಂಬರ್‌ನೂ ಯುವಕನೇ. ವಯಸ್ಸು ಸಣ್ಣದು, ಫ್ಲೆಕ್ಸ್ ದೊಡ್ಡದು. ಹುಟ್ಟುಹಬ್ಬಕ್ಕ ನಮ್ಮ ಸರ್ಕಲ್ ತುಂಬ ಹಲ್ಲು ಕಿಸಿದು ನಿಂತಾನ, ಟ್ರಾಫಿಕ್ ಸಿಗ್ನಲ್ ಕಾಣಲ್ಲ. ಯುವಕ ಅಂದ ಕೂಡ್ಲೆ ಛಲೋ ಅಂತ ಯಾಕ ಅನ್ಕೋತೀರಿ?

ತೊಗರಿಕಣಜ
@ಜೋಳದರೊಟ್ಟಿ ನಾ ಯುವಕ ಅಂತ ಛಲೋ ಅಂದಿಲ್ರಿ. ರಿಜಿಸ್ಟರ್ ನೋಡಿ ಅಂದೀನಿ.

ನಿವೃತ್ತ ಗುಮಾಸ್ತ
ಸ್ನೇಹಿತರೇ, ಭವಿಷ್ಯದ ಮಾತಿಗೆ ಮುಂಚೆ ಅವಧಿಯ ಲೆಕ್ಕ ಸರಿ ಮಾಡಿಕೊಳ್ಳೋಣ. ನಮ್ಮ ಪಾಲಿಕೆಗೆ 55 ವಾರ್ಡುಗಳು. 2021ರ ಸೆಪ್ಟೆಂಬರ್ ಚುನಾವಣೆಯಲ್ಲಿ ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಯಾರಿಗೂ ಬಹುಮತವಿಲ್ಲ. ಮತದಾರರ ಪಟ್ಟಿಗೆ ವಿಧಾನ ಪರಿಷತ್ ಸದಸ್ಯರನ್ನು ಸೇರಿಸಿದ ತಕರಾರು, ಮೀಸಲಾತಿ ತಕರಾರು, ಕೋರ್ಟು, ತಡೆ. ಕೊನೆಗೆ ಮೇಯರ್ ಆಯ್ಕೆ ಆದದ್ದು 2023ರ ಮಾರ್ಚ್‌ನಲ್ಲಿ. ಗೆದ್ದವರು ಒಂದೂವರೆ ವರ್ಷ ಅಧಿಕಾರವಿಲ್ಲದೆ ಕೂತರು.

ಆದರೆ ಇದರಲ್ಲೇ ಒಂದು ಅನುಕೂಲವೂ ಇದೆ. ಸಂವಿಧಾನದ 243ಯು ವಿಧಿಯ ಪ್ರಕಾರ ಐದು ವರ್ಷ ಎಣಿಸುವುದು ಫಲಿತಾಂಶದ ದಿನದಿಂದಲ್ಲ, ಮೊದಲ ಸಭೆಗೆ ಗೊತ್ತು ಮಾಡಿದ ದಿನಾಂಕದಿಂದ. ಅಂದರೆ ನಿಮ್ಮ ಹುಡುಗನ ಅವಧಿ 2026ಕ್ಕೆ ಮುಗಿಯುವುದಿಲ್ಲ, 2028ರ ಮಾರ್ಚ್ ಸುಮಾರಿಗೆ ಮುಗಿಯುತ್ತದೆ.

ಸೂಪರ್‌ಮಾರ್ಕೆಟ್ ಚಹಾ
ಆ ಒಂದೂವರೆ ವರ್ಷ ನೆನಸಿದ್ರ ಇನ್ನಾ ನಗು ಬರ್ತದ. ನಮ್ಮ ಓಣ್ಯಾಗ ಗೆದ್ದಾಂವ ಹೊಸ ಬಿಳಿ ಅಂಗಿ ಹೊಲಿಸಿ ಇಟ್ಟಿದ್ದ ಪ್ರಮಾಣವಚನಕ್ಕ. ಅಂಗಿ ತೊಡೋ ಹೊತ್ತಿಗಿ ಹೊಟ್ಟಿ ಬಂದಿತ್ತು.

ಕೋರ್ಟ್ ರೋಡ್
ಗುಮಾಸ್ತರು ಹೇಳಿದ್ದು ಸರಿ ಅದ. ಈಗ ಅದರ ಬಾಜೂಕ ಇನ್ನೊಂದು ತಾರೀಖು ಇಟ್ಟು ನೋಡ್ರಿ. ವಿಧಾನಸಭಾ ಚುನಾವಣಿ ಹೋದ ಸಲ 2023ರ ಮೇ. ಮುಂದಿನದು 2028ರ ಮೇ ಹೊತ್ತಿಗಿ. ಅಂದ್ರ ಪಾಲಿಕಿ ಅವಧಿ ಮುಗಿಯೋದೂ ಎಂಎಲ್‌ಎ ಟಿಕೆಟ್ ಹಂಚೋದೂ ಒಂದೇ ಬ್ಯಾಸಗಿದಾಗ. ಆ ಗದ್ದಲದಾಗ ಪಾಲಿಕಿ ಚುನಾವಣಿ ಯಾರು ಹಚ್ತಾರ? ಹಿಂದಿನ ಉದಾಹರಣಿ ಕಣ್ಣ ಮುಂದ ಅದ. 2013ರಾಗ ಚುನಾವಣಿ ಆಯ್ತು, ಅದರ ನಂತರದ್ದು 2021ಕ್ಕ. ಎಂಟು ವರ್ಷ.

ಹುಡುಗ 2028ರ ಮಾರ್ಚಿಗಿ ಮಾಜಿ ಆಗ್ತಾನ. ಮುಂದಿನ ಪಾಲಿಕಿ ಚುನಾವಣಿ ಎಂದು ಅಂತ ಯಾರಿಗೂ ಗೊತ್ತಿರಂಗಿಲ್ಲ. ಆ ಖಾಲಿ ಟೈಮ್ ಹ್ಯಾಂಗ ಕಳೀತಾನ, ಖರ್ಚು ಯಾರು ಕೊಡ್ತಾರ, ಅದು ಖರೇ ಪ್ರಶ್ನಿ.

ಬೀದರ್ ಬಿಸಿಲು
ನಮ್ಮಲ್ಲಿ ನಗರಸಭೆ ಇದ್ದಾಗ ಅಧ್ಯಕ್ಷರಿಗೆ 30 ತಿಂಗಳು ಇರ್ತಿತ್ತು. ಏನರ ಮಾಡಬೇಕು ಅನ್ನೋರಿಗೆ ಜರಾ ಟೈಮ್ ಸಿಗ್ತಿತ್ತು. ನಿಮ್ಮ ಪಾಲಿಕೆದಾಗ ಮೇಯರ್‌ಗೆ ಒಂದೇ ವರ್ಷ. ಸತ್ಕಾರದ ಶಾಲು ಮಡಚೋ ಹೊತ್ತಿಗೆ ಹೊಸ ಮೇಯರ್. ಈಗ ಬೀದರಿಗೂ ಮಹಾನಗರ ಪಾಲಿಕೆ ಪಟ್ಟ ಕಟ್ಟ್ಯಾರ, ನಮಗೂ ಅದೇ ಗತಿ.

ಜೋಳದರೊಟ್ಟಿ
ಒಂದು ವರ್ಷ ಇದ್ರೇ ಇಷ್ಟು ಮಂದಿಗಿ ಮೇಯರ್ ಆಗ್ಲಾಕ ಸಿಗ್ತದ. 30 ತಿಂಗಳು ಮಾಡಿದ್ರ ದೊಡ್ಡ ಮನಿಯವರೇ ಕುಂತ್ಕೋತಾರ.

ಬೀದರ್ ಬಿಸಿಲು
ಒಂದು ವರ್ಷಕ್ಕೂ ಅವರೇ ಕುಂದ್ರಸ್ತಾರ್ರೀ. ಹೆಸರು ಬ್ಯಾರೆ ಇರ್ತದ ಅಷ್ಟೇ.

ಅಪ್ಪನಕೆರೆ
ಹುಡುಗ ಮೊದಲು ಮೇಯರ್ ಆಗ್ಲಿ, ಆಮೇಲೆ ಎಂಎಲ್‌ಎ. ಖರ್ಗೆ ಸಾಹೇಬ್ರೂ ಹಂಗೇ ಅಲ್ಲೇನ್ರಿ, ನಮ್ಮ ನಗರಸಭಾದಿಂದ ಶುರು ಮಾಡಿ ಎಐಸಿಸಿ ಅಧ್ಯಕ್ಷ ತನಕ ಹೋದ್ರು.

ನಿವೃತ್ತ ಗುಮಾಸ್ತ
ಇಲ್ಲ. ಖರ್ಗೆಯವರ ದಾರಿ ಬೇರೆ. ಕಾಲೇಜಿನಲ್ಲಿ ವಿದ್ಯಾರ್ಥಿ ನಾಯಕ, ಆಮೇಲೆ ಇಲ್ಲಿನ ಎಂಎಸ್‌ಕೆ ಬಟ್ಟೆ ಮಿಲ್ಲಿನ ಕಾರ್ಮಿಕ ಸಂಘದ ಕಾನೂನು ಸಲಹೆಗಾರ, 1969ರಲ್ಲಿ ಗುಲ್ಬರ್ಗಾ ನಗರ ಕಾಂಗ್ರೆಸ್ ಅಧ್ಯಕ್ಷ, 1972ರಲ್ಲಿ ನೇರ ಗುರುಮಠಕಲ್ ಶಾಸಕ. ನಗರಸಭೆಯಿಂದ ಮೇಲೆ ಬಂದವರು ಧರ್ಮಸಿಂಗ್. ನೆಲೋಗಿಯಿಂದ ಬಂದು ಗುಲ್ಬರ್ಗಾ ನಗರಸಭೆ ಸದಸ್ಯರಾಗಿ ಶುರು ಮಾಡಿ 2004ರಲ್ಲಿ ಮುಖ್ಯಮಂತ್ರಿಯಾದರು.

ಅಪ್ಪನಕೆರೆ
ಹಾಂ, ಅದೇ. ಒಬ್ಬರಲ್ಲ ಒಬ್ಬರು ಹೋದ್ರಲ್ಲ, ನನ್ನ ಮಾತು ನಿಂತೇ ನಿಲ್ತದ.

ಯಾದಗಿರಿ ಪ್ಯಾಸೆಂಜರ್
ಹೋದ್ರು ಖರೇ. ಮುಖ್ಯಮಂತ್ರಿ ಆದ ಮನುಷ್ಯ 2008ರಾಗ ಜೇವರ್ಗಿಯೊಳಗ 70 ವೋಟಿನಿಂದ ಸೋತ್ರು, ಅದನ್ನೂ ಬರೀರಿ. ಒಂದು ಲಗ್ನದ ಮನ್ಯಾಗ ಅದಕ್ಕಿಂತ ಜಾಸ್ತಿ ಮಂದಿ ಇರ್ತಾರ. ಮತ್ತ ಗುರುಮಠಕಲ್ ಈಗ ನಮ್ಮ ಯಾದಗಿರಿ ಜಿಲ್ಲಾ, ಕಲಬುರಗಿಯವ್ರು ಎಲ್ಲಾ ನಿಮ್ಮದೇ ಅನ್ನಬ್ಯಾಡ್ರಿ 😄

ಗಲ್ಲಿ ನಂಬರ್ ಚಾರ್
ಅರೇ ಭಾಯ್, ಕಮರುಲ್ ಇಸ್ಲಾಂ ಸಾಬ್‌ರನ್ನ ಮರ್ತೇ ಬಿಟ್ರಿ? 1978ರಾಗ 30ರ ಆಸುಪಾಸಿನ್ಯಾಗೇ ವಿಧಾನಸಭಾ ಮುಟ್ಟಿದ್ರು. ಆಮೇಲೆ ಎಂಪಿ, ಮಂತ್ರಿ. ವಯಸ್ಸು ಅಡ್ಡಿ ಅಲ್ಲ ನಮ್ಮ ಊರಾಗ. ಅವಾಗ ಹುಡುಗರಿಗೆ ಮಂದಿ ರೊಕ್ಕ ಕೂಡಿಸಿ ಕೊಡ್ತಿದ್ರು, ಈಗ ಹುಡುಗರೇ ಮಂದಿಗೆ ಕೊಡಬೇಕು. ಫರಕ್ ಇಷ್ಟೇ ನೋಡ್ರಿ.

ಖೂಬಾಪ್ಲಾಟ್ ಅಕ್ಕ
ಎಲ್ಲಾರೂ ಎಂಎಲ್‌ಎ, ಮಂತ್ರಿ, ಮುಖ್ಯಮಂತ್ರಿ ಅಂತ ಹಾರಲಕತ್ತೀರಿ. ಆ ಹುಡುಗ ನೀರಿಂದು ಏನ್ ಮಾಡ್ಯಾನ? ಮೊದಲು ಅದು ಹೇಳ್ರಿ. ಬೆಣ್ಣೆತೊರಾ ಅಂತಾರ, ಭೀಮಾ ಅಂತಾರ, ನಮ್ಮ ನಳ ಮಾತ್ರ ಯಾವ ಹೊಳೀದೂ ಅಲ್ಲ.

ತೊಗರಿಕಣಜ
ಅಕ್ಕಾ, ನೀರಿಂದು ಹೇಳ್ತೀನಿ ಕೇಳ್ರಿ. ಮೊದಲು ನಮ್ಮ ಕಡಿ ನೀರು ಎಂದು ಬಿಡ್ತಾರ, ಎಷ್ಟೊತ್ತಿಗಿ ಬಿಡ್ತಾರ ಒಂದೂ ಗೊತ್ತಾಗ್ತಿರಲಿಲ್ಲ. ಹೆಣ್ಮಕ್ಕಳು ಕೂಲಿ ಬಿಟ್ಟು ಕೊಡ ಹಚ್ಚಿ ಕುಂದ್ರಬೇಕು. ಇಂವ ಏನ್ ಮಾಡ್ದ ಅಂದ್ರ, ನಸುಕಿನಾಗ ಎದ್ದು ವಾಲ್‌ಮನ್ ಹಿಂದ ಗಾಡಿ ತಗೊಂಡು ತಿರಗ್ಯಾನ. ಆ ಟಿ ಆಕಾರದ ಉದ್ದನ್ನ ಕೀಲಿ ಹಾಕಿ ಯಾವ ವಾಲ್ ಎಷ್ಟು ಸುತ್ತು ತಿರುವ್ತಾನ, ಯಾವ ಗಲ್ಲಿಗಿ ಎಷ್ಟೊತ್ತು ನೀರು ಹೋಗ್ತದ, ಎಲ್ಲಾ ಬರಕೊಂಡಾನ. ಆಮೇಲೆ ಗೊತ್ತಾಯ್ತು, ಮೂಲಿ ಮ್ಯಾಲಿನ ಎರಡು ದೊಡ್ಡ ಮನಿಗೋಳಿಗಿ ಮೋಟರ್ ಹಚ್ಚಿ ಎಳ್ಕೊಂಡು ಮುಗಿಯೋ ತನಕ ಮುಂದಿನ ವಾಲ್ ತೆಗೀತಿರಲಿಲ್ಲ.

ಜಗಳ ಮಾಡಲಿಲ್ಲ. ಗಲ್ಲಿ ಗಲ್ಲಿ ಟೈಮ್ ಬರದು ಚಹಾದಂಗಡಿ ಗ್ವಾಡಿಗಿ ಹಚ್ದ. ಎಲ್ಲರಿಗೂ ಕಾಣಂಗ. ಆ ಎರಡು ಮನಿಯವ್ರು ಇವತ್ತಿಗೂ ಅವನ ಕೂಡ ಮಾತಾಡಲ್ಲ.

ಖೂಬಾಪ್ಲಾಟ್ ಅಕ್ಕ
ಹಂಗಿದ್ರ ಆ ಹುಡುಗನ್ನ ನಮ್ಮ ವಾರ್ಡಿಗಿ ಕಳಿಸ್ರಿ. ಎಂಎಲ್‌ಎ ಆಮೇಲೆ ಆಗ್ಲಿ.

ಜೋಳದರೊಟ್ಟಿ
ಆ ಎರಡು ದೊಡ್ಡ ಮನ್ಯಾಗ ಎಷ್ಟು ವೋಟ್ ಅವ, ಅವ್ರು ಹೇಳಿದ್ರ ಎಷ್ಟು ವೋಟ್ ಬೀಳ್ತಾವ, ಅದೂ ಬರಕೊಂಡಾನ ಇಲ್ಲೋ?

ಬೆಂಗಳೂರಾಗಿನ ಕಲಬುರಗಿ
2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆ ನಮ್ಮ ಊರಿನ ಕೆಲವು ವಾರ್ಡುಗಳಲ್ಲೂ 24 ಗಂಟೆ ನೀರಿನ ಪ್ರಯೋಗ ಮಾಡಿ ತೋರಿಸಿದ್ದರು. ಆಗ ನಾನು ಕಾಲೇಜು. ಆ ವಾರ್ಡಿನ ಗೆಳೆಯರ ಮನೆಗೆ ಹೋದರೆ ನಳ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದರು. ಅದಾಗಿ ಇಷ್ಟು ವರ್ಷವಾದರೂ ಉಳಿದ ವಾರ್ಡಿನವರು ಗೋಡೆಗೆ ಹಚ್ಚಿದ ಟೈಮ್ ನೋಡಿಕೊಂಡು ಕೂರುತ್ತಾರೆ ಅಂದರೆ ಇದು ಒಬ್ಬ ಹುಡುಗನ ಕೈಯಲ್ಲಿರುವ ವಿಷಯವೇ ಅಲ್ಲ.

ಕೋರ್ಟ್ ರೋಡ್
ಅದೇ ಮಾತು ನಾ ಹೇಳಲಾಕ ಬಂದೀನಿ. 74ನೇ ತಿದ್ದುಪಡಿ ಬಂದು 1993ರ ಜೂನ್‌ನಿಂದ ಜಾರಿ ಅದ. 12ನೇ ಅನುಸೂಚಿದಾಗ 18 ವಿಷಯ ಪಟ್ಟಿ ಮಾಡ್ಯಾರ: ನೀರು, ರಸ್ತಾ, ಕೊಳಚೆ ಪ್ರದೇಶ, ನಗರ ಯೋಜನಾ. ಕಾಗದದ ಮ್ಯಾಗ ನೋಡಿದ್ರ ಮೆಂಬರ್ ರಾಜ. ಕೆಲಸದಾಗ ನೋಡಿದ್ರ, 1976ರ ಪಾಲಿಕಿ ಕಾಯ್ದೆ ಪ್ರಕಾರ ಕಾರ್ಯಾಂಗದ ಅಧಿಕಾರ ಎಲ್ಲಾ ಕಮಿಷನರ್ ಕೈಯಾಗ. ನೀರು, ಒಳಚರಂಡಿ ದೊಡ್ಡ ಯೋಜನಾ ಎಲ್ಲಾ ರಾಜ್ಯದ ಬ್ಯಾರೆ ಸಂಸ್ಥೆಗಳ ಕಡಿ. ರೊಕ್ಕ ನೋಡಿದ್ರ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗಿ ಬಜೆಟ್ಟಿನಾಗ ವರ್ಷಕ್ಕ 5,000 ಕೋಟಿ ಅಂತಾರ, ಆದ್ರ ಅದು ಹಂಚೋದು ವಿಧಾನಸಭಾ ಕ್ಷೇತ್ರದ ಲೆಕ್ಕದಾಗ. ಅಂದ್ರ ಸಿಸಿ ರೋಡ್ ಬೇಕಂದ್ರ ಎಂಎಲ್‌ಎ ಮನಿ ಮುಂದ ನಿಲ್ಲಬೇಕು.

ಹುಡುಗ ಎಂಎಲ್‌ಎ ಟಿಕೆಟ್ ಕೇಳ್ತೀನಿ ಅಂತ ಬಾಯಿ ಬಿಟ್ಟ ದಿನವೇ ಅವನ ವಾರ್ಡಿನ ರೋಡ್ ನಿಂತ್ವು ಅನ್ಕೋರಿ. ಸ್ವಂತ ಪಕ್ಷದ ಎಂಎಲ್‌ಎ ಇದ್ರ ಇನ್ನೂ ಲಗೂ ನಿಲ್ತಾವ.

ಗಲ್ಲಿ ನಂಬರ್ ಚಾರ್
ಸೌ ಟಕಾ ಖರೇ. ಎದುರು ಪಕ್ಷದಾಂವ ಬೆಳೆದ್ರ ಸಹಿಸ್ತಾರ, ಸ್ವಂತ ಪಕ್ಷದ ಹುಡುಗ ಬೆಳೆದ್ರ ಸಹಿಸಲ್ಲ.

ಸೂಪರ್‌ಮಾರ್ಕೆಟ್ ಚಹಾ
ಹಂಗಂದ್ರ ಎದುರು ಪಕ್ಷಕ್ಕ ಜಿಗೀಲಿ.

ಕೋರ್ಟ್ ರೋಡ್
ಜಿಗಿಯೋದು ಅಷ್ಟು ಸಲೀಸಿಲ್ಲ. ಸ್ಥಳೀಯ ಸಂಸ್ಥೆಗಳಿಗೇ ಅಂತ 1987ರ ಪಕ್ಷಾಂತರ ನಿಷೇಧ ಕಾಯ್ದೆ ಅದ ನಮ್ಮ ರಾಜ್ಯದಾಗ. ಪಕ್ಷದ ಚಿಹ್ನಿ ಮ್ಯಾಗ ಗೆದ್ದಾಂವ ವಿಪ್ (ಹಿಂಗೇ ವೋಟ್ ಹಾಕಬೇಕು ಅನ್ನೋ ಪಕ್ಷದ ಆದೇಶ) ಮೀರಿ ವೋಟ್ ಹಾಕಿದ್ರೂ, ಪಕ್ಷ ಬಿಟ್ರೂ ಸದಸ್ಯತ್ವಕ್ಕೇ ಕುತ್ತು. ಗ್ರಾಮ ಪಂಚಾಯ್ತಿದಂಗ ಚಿಹ್ನಿ ಇಲ್ಲದ ಚುನಾವಣಿ ಅಲ್ಲ ಇದು. ನಮ್ಮ ಪಾಲಿಕಿದಾಗ ಒಂದೊಂದು ವೋಟಿಗೂ ಬೆಲಿ ಅದ. 2023ರಾಗ 27 ಸೀಟಿನ ದೊಡ್ಡ ಪಕ್ಷ ಬಿಟ್ಟು ಮೇಯರ್ ಕುರ್ಚಿ ಬಿಜೆಪಿಗಿ ಹೋದದ್ದು ಒಂದೇ ವೋಟಿನಿಂದ. ಎಂಪಿ, ಎಂಎಲ್‌ಎ, ಎಂಎಲ್‌ಸಿ ವೋಟ್ ಎಲ್ಲಾ ಸೇರಿಸಿ. 2024ರಾಗ ಮತ್ತ ಕಾಂಗ್ರೆಸ್ ಕಡಿ ತಿರುಗ್ತು. ಹಿಂಥಾ ಸಭಾದಾಗ ಒಬ್ಬ ಅತ್ತಾಗ ಇತ್ತಾಗ ಆದ್ರ ಎರಡೂ ಕಡೀದವ್ರು ಬಿಡಂಗಿಲ್ಲ, ಕೋರ್ಟಿಗಿ ಎಳೀತಾರ.

ಜೋಳದರೊಟ್ಟಿ
ಆ ಮೇಯರ್ ಚುನಾವಣಿ ಬಂದಾಗ ರೆಸಾರ್ಟ್ ಪ್ರವಾಸ ಬ್ಯಾರೆ ಇರ್ತದ. ನಿಮ್ಮ ಹುಡುಗನೂ ಹೋಗಿದ್ನ?

ತೊಗರಿಕಣಜ
ಅದೆಲ್ಲಾ ಇಲ್ಲಿ ಯಾಕ್ರಿ. ಪಕ್ಷದವ್ರು ಕರೆದಾಗ ಹೋಗಬೇಕಾಗ್ತದ.

ಜೋಳದರೊಟ್ಟಿ
😂😂 ರಿಜಿಸ್ಟರಿನಾಗ ಬರದಾನ ಅದನ್ನ?

ಯಾದಗಿರಿ ಪ್ಯಾಸೆಂಜರ್
ಜೋಳದರೊಟ್ಟಿಯವ್ರೇ, ಆ ಹುಡುಗನ ಮ್ಯಾಗ ಏನ್ ಸಿಟ್ಟು ಅದ ನಿಮಗ? ನಿಮ್ಮ ವಾರ್ಡಿನ ಫ್ಲೆಕ್ಸ್ ಸಿಟ್ಟು ಇಲ್ಲಿ ತೀರಿಸ್ಕೋಬ್ಯಾಡ್ರಿ.

ಜೋಳದರೊಟ್ಟಿ
ಸಿಟ್ಟಿಲ್ಲ. ನಾಕು ವರ್ಷ ಆದ ಮ್ಯಾಗ ಮೆಂಬರ್‌ನ ಮನಿ ಮುಂದ ಯಾವ ಗಾಡಿ ನಿಂತಾದ ಅಂತ ನೋಡೋದು ನನ್ನ ಚಟ. ಗೌರವಧನ ಎಷ್ಟು ಬರ್ತದ ಅಂತ ಎಲ್ಲರಿಗೂ ಗೊತ್ತು, ಪೆಟ್ರೋಲಿಗಿ ಸಾಲಂಗಿಲ್ಲ. ಗಾಡಿ ಎಲ್ಲಿಂದ ಬರ್ತದ?

ತೊಗರಿಕಣಜ
ಅಪ್ಪನ ಹಳೀ ಸ್ಪ್ಲೆಂಡರ್. ಹಿಂದಿನ ಚಾಕ ಸದ್ದು ಮಾಡ್ತದ. ಗ್ಯಾರೇಜ್ ಇದ್ರೂ ರಿಪೇರಿ ಮಾಡ್ಕೋಳಾಕ ಟೈಮಿಲ್ಲ ಅಂವಗ.

ಸೋತ ಅಭ್ಯರ್ಥಿ
ಎಲ್ಲರ ಮಾತು ಓದಿದೆ. 2021ರಲ್ಲಿ ನಾನೂ ನಿಂತಿದ್ದೆ, ಸೋತೆ. ಹಾಗಾಗಿ ಒಳಗಿನ ಲೆಕ್ಕ ಸ್ವಲ್ಪ ಹೇಳಬಲ್ಲೆ.

ಮೊದಲನೆಯದು, ಕೆಲಸ ನೋಡಿ ವೋಟು ಹಾಕುತ್ತಾರೆ ಅನ್ನುವುದು ಅರ್ಧ ಸತ್ಯ. 2011ರ ಜನಗಣತಿಯಲ್ಲೇ ನಮ್ಮ ನಗರ ಐದು ಲಕ್ಷ ದಾಟಿತ್ತು, ವಾರ್ಡಿಗೆ ಸರಾಸರಿ ಹತ್ತು ಸಾವಿರ ಜನ ಅಂದುಕೊಳ್ಳಿ. ಅದರಲ್ಲಿ ಮತಗಟ್ಟೆಗೆ ಬರುವವರು ಎಷ್ಟು? ನಾಲ್ಕೈದು ಜನ ಅಭ್ಯರ್ಥಿಗಳು ಹಂಚಿಕೊಂಡರೆ ಗೆಲುವು ಸೋಲು ಕೆಲವೇ ನೂರು ವೋಟಿನ ಮಾತು. ಆ ಕೆಲವು ನೂರು ಕೊನೆಯ ಎರಡು ರಾತ್ರಿಯಲ್ಲಿ ಕದಲುತ್ತದೆ. ನನ್ನ ಎದುರಿನವರು ಆ ಎರಡು ರಾತ್ರಿ ಮಲಗಲಿಲ್ಲ. ನಾನು ಮಲಗಿದೆ, ಯಾಕೆಂದರೆ ಹಂಚಲಿಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಎರಡನೆಯದು ಮೀಸಲಾತಿ. ಅರ್ಧ ವಾರ್ಡು ಮಹಿಳೆಯರಿಗೆ. ಅದರ ಜೊತೆಗೆ ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ ಎ, ಬಿ, ಸಾಮಾನ್ಯ ಅಂತ ಆವರ್ತನೆ. ಇವತ್ತು ಅವನು ಗೆದ್ದ ವಾರ್ಡು ಮುಂದಿನ ಸಲ ಅವನದೇ ವರ್ಗಕ್ಕೆ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಐದು ವರ್ಷ ನೀರು, ಚರಂಡಿ ಅಂತ ಓಡಾಡಿದ ಮೇಲೆ ಒಂದು ಅಧಿಸೂಚನೆ ಬಂದು ನೀನು ಇಲ್ಲಿ ನಿಲ್ಲುವ ಹಾಗಿಲ್ಲ ಅಂದುಬಿಡುತ್ತದೆ. ಇದು ಅನ್ಯಾಯ ಅಂತ ನಾನು ಹೇಳುತ್ತಿಲ್ಲ. ಮೀಸಲಾತಿ ಇಲ್ಲದಿದ್ದರೆ ನನ್ನಂಥವಳಿಗೆ ಯಾರು ಟಿಕೆಟ್ ಕೊಡುತ್ತಿದ್ದರು? ಆದರೆ ಒಂದೇ ವಾರ್ಡನ್ನು ನಂಬಿ ಜೀವನ ಕಟ್ಟಬೇಡ ಅಂತ ಅವನಿಗೆ ಹೇಳಿ.

ಸೂಪರ್‌ಮಾರ್ಕೆಟ್ ಚಹಾ
ಮಹಿಳಾ ಮೀಸಲು ಆದ್ರ ಚಿಂತಿ ಯಾಕ? ಹೆಂಡ್ತಿನ್ನ ನಿಲ್ಲಸ್ಲಿ, ಇಂವ ನಡಸ್ಲಿ. ಎಲ್ಲಾ ಕಡಿ ಹಂಗೇ ನಡದಾದ. ಅದಕ್ಕ ಹೇಳ್ದೆ, ಅವ್ವನ ಮಾತ್ ಕೇಳಿ ಲಗೂ ಲಗ್ನ ಆಗ್ಲಿ 😄

ಸೋತ ಅಭ್ಯರ್ಥಿ
ನಗುವ ವಿಷಯವಲ್ಲ. ನಾನು ಪ್ರಚಾರಕ್ಕೆ ಹೋದ ಪ್ರತಿ ಮನೆಯಲ್ಲೂ "ಯಜಮಾನ್ರು ಬಂದಿಲ್ಲೇನು?" ಅಂತ ಕೇಳಿದರು. ಗೆದ್ದ ಹೆಣ್ಣುಮಕ್ಕಳ ಮನೆ ಬಾಗಿಲಿಗೆ ಹೋಗಿ ನೋಡಿ, ಬೋರ್ಡಿನ ಮೇಲೆ ಅವರ ಹೆಸರು, ಕುರ್ಚಿಯ ಮೇಲೆ ಗಂಡ. ನಿಮ್ಮ ಹುಡುಗ ಮುಂದೆ ಯಾರನ್ನೋ ಹೆಸರಿಗೆ ನಿಲ್ಲಿಸುವ ಬದಲು ವಾರ್ಡಿನಲ್ಲಿ ಸ್ವಸಹಾಯ ಸಂಘ ನಡೆಸುವ ಹೆಣ್ಣುಮಗಳೊಬ್ಬಳನ್ನು ಈಗಿನಿಂದಲೇ ಜೊತೆಗೆ ಕರೆದುಕೊಂಡು ಓಡಾಡಲಿ. ಆಗ ಅವನ ರಾಜಕಾರಣ ಒಪ್ಪುತ್ತೇನೆ.

ಖೂಬಾಪ್ಲಾಟ್ ಅಕ್ಕ
ಅಕ್ಕಾ ನಿಮ್ಮ ವಾರ್ಡ್ ಯಾವ್ದು? ಮುಂದಿನ ಸಲ ನಿಂತ್ರ ನಮ್ಮ ಸಂಘದ ಹೆಣ್ಮಕ್ಕಳು ಬರ್ತೀವಿ.

ಅಪ್ಪನಕೆರೆ
ವಿಷಯ ಎಲ್ಲೋ ಹೋಯ್ತು. ಮೊದಲಿನ ಪ್ರಶ್ನಿಗಿ ಬರ್ರಿ. ಅಂದಹಾಗ ಬಿ-ಖಾತಾ (ಅನಧಿಕೃತ ಲೇಔಟಿನ ಆಸ್ತಿಗಿ ಕೊಡೋ ಖಾತಾ) ಅರ್ಜಿ ಹಾಕಿದವ್ರು ಯಾರರ ಇದ್ದೀರೇನು? 2025ರಾಗ ಸರ್ಕಾರ ಅವಕಾಶ ಕೊಟ್ಟಾಗಿಂದ ನಮ್ಮ ಲೇಔಟಿನವ್ರು ತಿರುಗಲಕತ್ತೀವಿ.

ಯಾದಗಿರಿ ಪ್ಯಾಸೆಂಜರ್
"ವಿಷಯಕ್ಕ ಬರ್ರಿ" ಅಂದಾಂವನೇ ಬಿ-ಖಾತಾ ತೆಗದಾನ ನೋಡ್ರಿ.

ತೊಗರಿಕಣಜ
@ಅಪ್ಪನಕೆರೆ ಬಿ-ಖಾತಾ ಸಲುವಾಗಿ ನಮ್ಮ ಹುಡುಗನ ಕಡಿ ಬರ್ರಿ, ವಾರ್ಡ್ ಬ್ಯಾರೆ ಆದ್ರೂ ಕಾಗದ ಏನೇನ್ ಬೇಕು ಅಂತ ಹೇಳ್ತಾನ. ಆ ಟೈಮಿನಾಗ ಗ್ಯಾರೇಜಿನ್ಯಾಗ ಗಾಡಿಗಿಂತ ಖರೀದಿಪತ್ರ ಜಾಸ್ತಿ ಇದ್ವು.

ನಿವೃತ್ತ ಗುಮಾಸ್ತ
ನಾನು ಸ್ಥಳೀಯ ಸಂಸ್ಥೆಗಳ ಕಚೇರಿಗಳಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಯಾವ ಊರು ಅಂತ ಬೇಡ. ಹತ್ತಾರು ಸದಸ್ಯರನ್ನು ಹತ್ತಿರದಿಂದ ನೋಡಿದ್ದೇನೆ. ಅವರನ್ನು ನಾವು ಗುಮಾಸ್ತರು ಮೊದಲ ಸಾಮಾನ್ಯ ಸಭೆಯಲ್ಲೇ ಅಳೆಯುತ್ತಿದ್ದೆವು. ಕಾರ್ಯಸೂಚಿ ಓದಿಕೊಂಡು ಬಂದವರು ಎಷ್ಟು, ಮೊಬೈಲ್ ನೋಡುತ್ತ ಕೂತವರು ಎಷ್ಟು, ಚಹಾ ಬಂದ ಮೇಲೆ ಎದ್ದು ಹೋದವರು ಎಷ್ಟು.

ಹುಡುಗನಿಗೆ ನನ್ನ ಸಲಹೆ: ಎಂಎಲ್‌ಎ ಟಿಕೆಟ್ ಮಾತು ಪಕ್ಕಕ್ಕಿಟ್ಟು ಸ್ಥಾಯಿ ಸಮಿತಿ ಹಿಡಿಯಲಿ. ನಾಲ್ಕು ಸಮಿತಿಗಳಿವೆ: ತೆರಿಗೆ ಮತ್ತು ಹಣಕಾಸು, ಆರೋಗ್ಯ ಮತ್ತು ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಎಲ್ಲರೂ ನಗರ ಯೋಜನೆಗೆ ಮುಗಿಬೀಳುತ್ತಾರೆ, ಕಾರಣ ಹೇಳಬೇಕಿಲ್ಲ. ಲೆಕ್ಕಪತ್ರ ಸಮಿತಿ ಯಾರಿಗೂ ಬೇಡ. ಆದರೆ ದುಡ್ಡು ಎಲ್ಲಿಂದ ಬಂತು, ಎಲ್ಲಿ ನಿಂತಿತು ಅಂತ ಗೊತ್ತಾಗುವುದು ಅಲ್ಲೇ. ಲೆಕ್ಕಪರಿಶೋಧನೆಯ ಆಕ್ಷೇಪಣೆಗಳನ್ನು ಕೂತು ಓದಿದ ಸದಸ್ಯನನ್ನು ಕಂಡರೆ ಎಂಜಿನಿಯರುಗಳು ಎದ್ದು ನಿಲ್ಲುತ್ತಾರೆ. ರಿಜಿಸ್ಟರ್ ಬರೆಯುವ ಅಭ್ಯಾಸ ಇದ್ದವನಿಗೆ ಅದು ಕಷ್ಟವಲ್ಲ.

ಇನ್ನೊಂದು. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರದಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನದ 243ಎಸ್ ಹೇಳುತ್ತದೆ. ಸದಸ್ಯರಿಗೆ ಅದು ಬೇಡ, ತಮ್ಮ ಮಾತಿಗೆ ಎದುರು ಮಾತು ಹುಟ್ಟುತ್ತದೆ ಅಂತ. ಇವನು ತಾನಾಗಿ ಕೇಳಿ ನಡೆಸಲಿ. ಸದಸ್ಯತ್ವ ಹೋದ ಮೇಲೂ ಆ ಜನ ಇವನ ಜೊತೆ ಇರುತ್ತಾರೆ.

ಜೋಳದರೊಟ್ಟಿ
ಲೆಕ್ಕಪತ್ರ ಸಮಿತಿ ಓದಿ ಯಾರ್ರೀ ಎಂಎಲ್‌ಎ ಆಗ್ಯಾರ?

ನಿವೃತ್ತ ಗುಮಾಸ್ತ
ಎಲ್ಲರೂ ಎಂಎಲ್‌ಎ ಆಗಲೇಬೇಕು ಅಂತ ಎಲ್ಲಿ ಬರೆದಿದೆ?

ಜೋಳದರೊಟ್ಟಿ
ಎಂಎಲ್‌ಎ ಆಗದ ಮೆಂಬರ್‌ಗ ಎರಡನೇ ಸಲ ಕಂಟ್ರಾಕ್ಟರ್ ಆಗೋದೊಂದೇ ದಾರಿ ಅಂತ ನಾ ನೋಡೀನಿ. ಅದಕ್ಕ ಕೇಳ್ದೆ.

ಗಲ್ಲಿ ನಂಬರ್ ಚಾರ್
ಎಂಎಲ್‌ಸಿ ಚುನಾವಣಿ ಮರೀಬ್ಯಾಡ್ರಿ. ಕಲಬುರಗಿ-ಯಾದಗಿರಿ ಸ್ಥಳೀಯ ಸಂಸ್ಥೆ ಕ್ಷೇತ್ರದಾಗ ಪಾಲಿಕಿ ಮೆಂಬರಿಗೂ ವೋಟ್ ಅದ. ಆ ಟೈಮಿಗೆ ದೊಡ್ಡ ದೊಡ್ಡವರೇ ಹುಡುಗನ ಗ್ಯಾರೇಜಿಗೆ ಬರ್ತಾರ. ಅವಾಗ ಏನ್ ಕೇಳ್ತಾನ ಅನ್ನೋದರ ಮ್ಯಾಗ ಅವನ ಕೆರಿಯರ್ ಅದ. ರೊಕ್ಕ ಕೇಳಿದ್ರ ಅಲ್ಲಿಗೇ ಖತಂ. ವಾರ್ಡಿಗೆ ಒಂದು ಅಂಗನವಾಡಿ ಕಟ್ಟಡ ಕೇಳಿದ್ರ ಜನ ನೆನಪಿಡ್ತಾರ.

ಬೆಂಗಳೂರಾಗಿನ ಕಲಬುರಗಿ
ನನಗೆ ಅನ್ನಿಸುವುದು ಬೇರೆ. ಅವನು ಮೊದಲು ಒಂದು ದುಡಿಮೆ ಭದ್ರ ಮಾಡಿಕೊಳ್ಳಲಿ. ಗ್ಯಾರೇಜ್ ಇದೆ, ಎಲೆಕ್ಟ್ರಿಕ್ ಗಾಡಿ ರಿಪೇರಿ ಕಲಿಯಲಿ. ಕೈಯಲ್ಲಿ ಸ್ವಂತ ಕಾಸಿರುವ ಮೆಂಬರಿಗೆ "ಇಲ್ಲ" ಅನ್ನುವ ಧೈರ್ಯ ಇರುತ್ತದೆ. ಪೂರ್ಣಾವಧಿ ರಾಜಕಾರಣ ಅಂತ ಅಂಗಡಿ ಮುಚ್ಚಿದವರ ಗತಿ ನಮ್ಮ ಓಣಿಯಲ್ಲೇ ನೋಡಿದ್ದೇನೆ. ಇವತ್ತು ಯಾರದೋ ಕಾರಿನ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಕೈ ಬೀಸುತ್ತಾರೆ, ಸಂಜೆ ಅವರದೇ ಮನೆಗೆ ಗ್ಯಾಸ್ ಸಿಲಿಂಡರಿಗೆ ಸಾಲ ಕೇಳುತ್ತಾರೆ.

ಸೂಪರ್‌ಮಾರ್ಕೆಟ್ ಚಹಾ
ಇದು ಪೆಟ್ಟಿನ ಮಾತು.

ಬೀದರ್ ಬಿಸಿಲು
ಎಲೆಕ್ಟ್ರಿಕ್ ಗಾಡಿ ರಿಪೇರಿ ನಿಮ್ಮಲ್ಲಿ ಛಲೋ ಯಾರು ಮಾಡ್ತಾರ? ಬೀದರಿನಾಗ ಬ್ಯಾಟರಿ ಸತ್ರ ಹೈದರಾಬಾದಿಗೆ ಒಯ್ಯಬೇಕು.

ತೊಗರಿಕಣಜ
ಎಲ್ಲಾ ಓದಿ ಅವಂಗ ತೋರಿಸಿದೆ. ಬ್ಯಾಸಗಿ 44 ಡಿಗ್ರಿ ಬಿಸಿಲಿನಾಗ ಚರಂಡಿ ಹೂಳು ತೆಗಿಸಿ ಬಂದಿದ್ದ, ತಲಿಗಿ ಒದ್ದಿ ಟವೆಲ್ ಹಾಕ್ಕೊಂಡು ಓದ್ದ. ಗುಮಾಸ್ತರ ಮಾತು ಎರಡು ಸಲ ಓದ್ದ. ಜೋಳದರೊಟ್ಟಿಯವ್ರ ಮಾತಿಗಿ ನಕ್ಕ, ರೆಸಾರ್ಟಿಂದು ಬಿಟ್ಟು. ಪಕ್ಷ ಬಿಡೋ ಮಾತು ಇಲ್ಲ ಅಂದ. ಟಿಕೆಟ್ ಮಾತಿಗಿ ಹೌದೂ ಅನ್ನಲಿಲ್ಲ, ಇಲ್ಲಾನೂ ಅನ್ನಲಿಲ್ಲ. ಲೆಕ್ಕಪತ್ರ ಸಮಿತಿಗಿ ಮುಂದಿನ ಸಲ ಹೆಸರು ಕೊಡ್ತೀನಿ, ಆದ್ರ ಆ ಆಕ್ಷೇಪಣಿ ಭಾಷಾ ನನಗ ತಿಳಿಯಂಗಿಲ್ಲ, ಯಾರರ ಕಲಿಸಬೇಕು ಅಂದ. ಗುಮಾಸ್ತರೇ, ಐತ್ವಾರ ಜರಾ ಟೈಮ್ ಕೊಡ್ತೀರೇನು?

ನಿವೃತ್ತ ಗುಮಾಸ್ತ
ಬೆಳಗ್ಗೆ ಎಂಟರೊಳಗೆ ಬರಲಿ, ಆಮೇಲೆ ಬಿಸಿಲು. ಹಿಂದಿನ ವರ್ಷದ ಲೆಕ್ಕಪರಿಶೋಧನಾ ವರದಿಯ ಪ್ರತಿ ಸಿಕ್ಕರೆ ತರಲಿ. ಕೊಡುವುದಿಲ್ಲ ಅಂದರೆ ಸದಸ್ಯನಾಗಿ ಲಿಖಿತದಲ್ಲಿ ಕೇಳಲಿ, ಸ್ವೀಕೃತಿ ಹಾಕಿಸಿಕೊಳ್ಳುವುದು ಮರೆಯದಿರಲಿ.

ಸೋತ ಅಭ್ಯರ್ಥಿ
ನಾನೂ ಬರಬಹುದೇ? ಸೋತವರಿಗೂ ಲೆಕ್ಕ ಓದಲಿಕ್ಕೆ ಬರಬೇಕು.

ನಿವೃತ್ತ ಗುಮಾಸ್ತ
ಅವಶ್ಯ ಬನ್ನಿ.

ಜೋಳದರೊಟ್ಟಿ
ನಾ ಬಂದ್ರ ನಡೀತದೇನ್ರಿ? ಸುಮ್ಮ ಕುಂತು ಕೇಳ್ತೀನಿ.

ಖೂಬಾಪ್ಲಾಟ್ ಅಕ್ಕ
ನೀವು ಸುಮ್ಮ ಕುಂದ್ರೋದು ನೋಡ್ಲಾಕಾದ್ರೂ ನಾ ಬರ್ತೀನಿ. ಸುಸಲಾ ಮಿರ್ಚಿ ಯಾರು ತರ್ತೀರಿ?

ಸೂಪರ್‌ಮಾರ್ಕೆಟ್ ಚಹಾ
ಸುಸಲಾ ನಂದು. ಚಹಾ ಅಂತೂ ಹೇಳೋದೇ ಬ್ಯಾಡ.